ಎರಡು ನಿಮಿಷದ ಕೆಲಸವಂತೆ!

ಬ್ಲಾಗಿನ ಕಡೆ ತಲೆ ಹಾಕದೇ ಬಹಳ ದಿನವಾಗಿತ್ತು. ಇವತ್ತು ಬರೆಯೋಕೆ ಕೂತಿರೋದು ಸಿಟ್ಟಿನಿಂದ. ಮೊದಲೇ ಹೇಳಿಬಿಡ್ತೀನಿ, ಆಮೇಲೆ "ಯಾಕ್ರೀ ಇಷ್ಟು ಖಾರ" ಅಂತ ಕೇಳಬೇಡಿ :-)

ಮೊನ್ನೆ ಒಬ್ಬ ಹುಡುಗ ನನಗೊಂದು ಮಿಂಚಂಚೆ ಕಳಿಸಿದ. ಒಳ್ಳೆ ಹುಡುಗ, ಚೆನ್ನಾಗಿ ಪ್ರೋಗ್ರಾಮ್ ಬರೀತಾನೆ. "ಸಾರ್, ನಿಮ್ಮ ಫಾಂಟ್ ಕನ್ವರ್ಟರ್ ಇನ್ನೂ ಗಿಟ್‌ಹಬ್ಬಿನಲ್ಲೇ ಇದೆಯಲ್ಲ, ಮೈಕ್ರೋಸಾಫ್ಟಿನವರ ಮನೇಲಿ ಇನ್ನೆಷ್ಟು ದಿನ ಇರ್ತೀರಿ? 2025ರ ನವೆಂಬರಿನಲ್ಲಿ ಜಿಗ್ ಭಾಷೆಯವರೇ ಗಂಟುಮೂಟೆ ಕಟ್ಟಿಕೊಂಡು ಕೋಡ್‌ಬರ್ಗ್‌ಗೆ ಹೋದ್ರು. ನೀವೂ ಬನ್ನಿ. ಒಂದು ಮಿರರ್ ಕ್ಲೋನ್, ಒಂದು ಮಿರರ್ ಪುಶ್. ಎರಡು ನಿಮಿಷದ ಕೆಲಸ."

ಎರಡು ನಿಮಿಷ! ಈ ಮಾತನ್ನ ನಾನು ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ. ಒಂದು ಸಲ ನಾನೇ ಹೇಳಿದ್ದೀನಿ ಕೂಡ. ಅದರ ಫಲ ಇನ್ನೂ ಉಣ್ತಾ ಇದ್ದೀನಿ.

ಪ್ರೋಗ್ರಾಮಿಂಗ್ ಗೊತ್ತಿಲ್ಲದ ಬ್ಲಾಗಿಗರಿಗೆ ಒಂದೆರಡು ಸಾಲಲ್ಲಿ ವಿಷಯ ಹೇಳಿಬಿಡ್ತೀನಿ. ತಂತ್ರಾಂಶ ಬರೆಯೋರು ತಾವು ಬರೆದದ್ದು, ತಿದ್ದಿದ್ದು, ಯಾರು ಯಾವಾಗ ಯಾಕೆ ತಿದ್ದಿದರು ಅನ್ನೋದನ್ನೆಲ್ಲ ಒಂದು ಕಡತದಲ್ಲಿ ಇಟ್ಟುಕೊಂಡಿರ್ತಾರೆ. ಅದಕ್ಕೆ ವರ್ಶನ್ ಕಂಟ್ರೋಲ್ ಅಂತಾರೆ. ಸಿವಿಎಸ್, ಸಬ್‌ವರ್ಶನ್, ಮರ್ಕ್ಯೂರಿಯಲ್, ಗಿಟ್ ಇವೆಲ್ಲ ಅದರ ಬೇರೆ ಬೇರೆ ಜಾತಿ. ಆ ಕಡತವನ್ನ ಊರಿಗೆಲ್ಲ ಕಾಣೋ ಹಾಗೆ ಇಡೋಕೆ ಯಾರೋ ಜಾಗ ಕೊಡ್ತಾರೆ. ನಮ್ಮ ಬ್ಲಾಗುಗಳಿಗೆ ಪುಕ್ಕಟೆ ಜಾಗ ಕೊಟ್ಟ ಹಾಗೇ ಇದೂ. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ, ಕರಾರುಪತ್ರ ಇದೆ ಆದರೆ ಯಾರೂ ಓದಲ್ಲ. ಕಡತದ ಜೊತೆಗೆ ಅಲ್ಲೇ ಒಂದು ಜಗುಲಿ ಇರುತ್ತೆ. ಉಪಯೋಗಿಸುವವರು ಬಂದು "ಇಲ್ಲಿ ತಪ್ಪಾಗ್ತಿದೆ, ನೋಡಿ" ಅಂತ ದೂರು ಬರೀತಾರೆ, ನಾವು ಉತ್ತರ ಕೊಡ್ತೀವಿ, ಇನ್ನೊಬ್ಬರು ಬಂದು ವಾದ ಮಾಡ್ತಾರೆ. ಪ್ರತಿ ದೂರಿಗೂ ಒಂದು ನಂಬರು.

ಈಗ ಕೇಳಿ. ಮಿರರ್ ಪುಶ್ ಮಾಡಿದರೆ ಹೊಸ ಮನೆಗೆ ಬರೋದು ಕಡತ ಮಾತ್ರ. ಜಗುಲಿ ಬರಲ್ಲ!!

ನನ್ನ ಕಥೆ ಹೇಳ್ತೀನಿ. ಹಳೇ ನುಡಿ, ಬರಹ ಕಾಲದ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನ ಯುನಿಕೋಡಿಗೆ ತಿರುಗಿಸೋ ಒಂದು ಪುಟ್ಟ ಪ್ರೋಗ್ರಾಮ್ ಬರೆದು ಅಂತರ್ಜಾಲದಲ್ಲಿ ಒಂದು ಕಡೆ ಇಟ್ಟಿದ್ದೆ. ಎಲ್ಲಿ ಅಂತ ಹೇಳಲ್ಲ, ತಪ್ಪು ಅವರದ್ದಲ್ಲ. ಅಲ್ಲಿ 17ನೇ ನಂಬರಿನ ದೂರು ಬರೆದವರು ಮಲೆನಾಡಿನ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಕಂಪ್ಯೂಟರ್ ಅವರಿಗೆ ಅರವತ್ತರ ಮೇಲೆ ಪರಿಚಯವಾದದ್ದು. ತಮ್ಮ ನೆನಪುಗಳನ್ನೆಲ್ಲ ಹಳೇ ಫಾಂಟಿನಲ್ಲಿ ಟೈಪಿಸಿಟ್ಟಿದ್ದರು. ನನ್ನ ಪ್ರೋಗ್ರಾಮಿಗೆ ಹಾಕಿ ನೋಡಿದರೆ "ಸೂರ್ಯ" ಸರಿಯಾಗಿ ಬರ್ತಿತ್ತು, "ರ‍್ಯಾಂಕ್" ಕೆಟ್ಟು ಬರ್ತಿತ್ತು.

ಇದರ ಹಿಂದಿನ ಸಂಗತಿ ಸ್ವಾರಸ್ಯವಾಗಿದೆ, ಸ್ವಲ್ಪ ತಾಳ್ಮೆಯಿಂದ ಓದಿ. ಹಳೇ ಫಾಂಟುಗಳಲ್ಲಿ ಅಕ್ಷರ ಕಣ್ಣಿಗೆ ಹೇಗೆ ಕಾಣುತ್ತೋ ಅದೇ ಕ್ರಮದಲ್ಲಿ ಕಡತದಲ್ಲೂ ಕೂತಿರುತ್ತೆ. ಸೂರ್ಯ ಅಂದರೆ ಸೂ, ಆಮೇಲೆ ಯ, ಆಮೇಲೆ ಅರ್ಕಾವತ್ತು. ಯುನಿಕೋಡಿನಲ್ಲಿ ಹಾಗಲ್ಲ, ಉಚ್ಚಾರದ ಕ್ರಮ. ಅರ್ಧ ರಕಾರ ಮೊದಲು, ಯಕಾರ ಆಮೇಲೆ. ಅಂದರೆ ಅರ್ಕಾವತ್ತು ಸಿಕ್ಕಿದ ಕೂಡಲೇ ಅದನ್ನ ಕಿತ್ತು ಹಿಂದಿನ ಅಕ್ಷರಕ್ಕಿಂತ ಮುಂಚೆ ಇಡಬೇಕು. ಅದನ್ನ ನಾನು ಮಾಡಿದ್ದೆ. ಆದರೆ ರ‍್ಯಾಂಕ್ ಅನ್ನೋದರಲ್ಲಿ ಅರ್ಕಾವತ್ತು ಇಲ್ಲವೇ ಇಲ್ಲ. ಪೂರ್ತಿ ರಕಾರ, ಅದರ ಕೆಳಗೆ ಯ ಒತ್ತು. ಯುನಿಕೋಡಿನಲ್ಲಿ ರ, ಹಲಂತ, ಯ ಅಂತ ಸುಮ್ಮನೆ ಜೋಡಿಸಿದರೆ ಅದು ಅರ್ಕಾವತ್ತೇ ಆಗಿ "ರ್ಯಾಂಕ್" ಅಂತ ಕೂತುಬಿಡುತ್ತೆ. ಹಾಗಾಗಬಾರದು ಅಂದರೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇಡಬೇಕು. ಜೀರೋ ವಿಡ್ತ್ ಜಾಯ್ನರ್ ಅಂತ ಅದರ ಹೆಸರು.

ಮೇಷ್ಟ್ರಿಗೆ ಈ ಹೆಸರೆಲ್ಲ ಗೊತ್ತಿರಲಿಲ್ಲ. ಅವರು ಹೇಳಿದ್ದು, "ಪದದ ಶುರುವಿಗೇ ಅರ್ಕಾವತ್ತು ಬಂದರೆ ಮಕ್ಕಳು ಹೇಗಪ್ಪಾ ಓದೋದು?" ಅಂತ. ಪ್ರೆಸ್ಸಿನಲ್ಲಿ ಕೆಲಸ ಮಾಡಿದ ಇನ್ನೊಬ್ಬರು ಬಂದು, ಹಿಂದೆ ಮೊಳೆ ಜೋಡಿಸುವಾಗ ಇದನ್ನ ಹೇಗೆ ನಿಭಾಯಿಸ್ತಿದ್ರು ಅಂತ ಬರೆದರು. ಮತ್ತೊಬ್ಬರು ಯಾವ ಯಾವ ಫಾಂಟಿನಲ್ಲಿ ಇದು ಸರಿ ಮೂಡುತ್ತೆ, ಯಾವುದರಲ್ಲಿ ಇಲ್ಲ ಅಂತ ಪಟ್ಟಿ ಕೊಟ್ಟರು. ಒಟ್ಟು 23 ಉತ್ತರ. ನಾನು ಹದಿನೈದು ಸಾಲಿನ ಕೋಡ್ ಬರೆದು, ಅದರ ಜೊತೆ ಒಂದು ಟಿಪ್ಪಣಿ ಹಾಕಿದೆ. "17 ಸರಿಪಡಿಸಿದೆ". ಅಷ್ಟೇ! ಎಂಥಾ ಸೋಮಾರಿ ನೋಡಿ ನಾನು.

ಆಮೇಲೆ ಮನೆ ಬದಲಾಯಿಸೋ ಗಾಳಿ ಬೀಸಿತು. ಎಲ್ಲರೂ ಗಿಟ್, ಗಿಟ್ ಅಂತಿದ್ದರು. ನಾನೂ ಒಂದು ಭಾನುವಾರ ಕಾಫಿ ಕುಡೀತಾ ಕುಡೀತಾ ಕಡತವನ್ನ ಹೊಸ ಕಡೆಗೆ ತಂದು ಹಾಲು ಉಕ್ಕಿಸಿದೆ. ಹಳೇ ದೂರುಗಳು? "ಎಲ್ಲಾ ಸರಿಹೋಗಿರೋವು ತಾನೇ, ಯಾಕೆ ಬೇಕು" ಅಂತ ಬಿಟ್ಟೆ. ಹಳೇ ಜಾಗ ಕೆಲವು ಕಾಲ ಇತ್ತು, ಆಮೇಲೆ ಹೋಯ್ತು. ಹೋಗೋ ಮುಂಚೆ ಎಚ್ಚರಿಕೆಯ ಪತ್ರವೂ ಬಂದಿತ್ತು. ನಾನೇ ತೆಗೆದು ನೋಡಿರಲಿಲ್ಲ.

ಹೊಸ ಮನೆಯಲ್ಲಿ ದೂರುಗಳ ನಂಬರು ಮತ್ತೆ 1ರಿಂದ ಶುರು. ಅಲ್ಲಿ 17 ಅಂದರೆ ಏನು ಗೊತ್ತಾ? "ಈ ಪ್ರಾಜೆಕ್ಟಿಗೆ ಒಂದು ಚೆಂದದ ಲೋಗೋ ಮಾಡಿ." ಕಡತದಲ್ಲಿ ಆ ಹದಿನೈದು ಸಾಲಿನ ಮೇಲಿರೋ "17 ಸರಿಪಡಿಸಿದೆ" ಅನ್ನೋ ಟಿಪ್ಪಣಿಯನ್ನ ಒತ್ತಿದರೆ ನೇರವಾಗಿ ಲೋಗೋ ವಿಷಯಕ್ಕೆ ಕರಕೊಂಡು ಹೋಗ್ತಿತ್ತು. ಮುಂದೆ ಯಾರೋ ಉತ್ಸಾಹಿ ಎಂಜಿನಿಯರ್ ಬಂದು, "ಕಣ್ಣಿಗೆ ಕಾಣದ ಕಸದ ಅಕ್ಷರಗಳನ್ನ ತೆಗೆದು ಕೋಡ್ ಶುದ್ಧ ಮಾಡಿದ್ದೀನಿ" ಅಂತ ಪ್ಯಾಚ್ ಕಳಿಸಿದ. ನಾನು ನೋಡಿದೆ. ಆ ಸಾಲುಗಳು ಯಾಕಿದ್ದವು ಅಂತ ನನಗೇ ನೆನಪಿಲ್ಲ. ಕೊಂಡಿ ಒತ್ತಿದರೆ ಲೋಗೋ! ಸರಿ ಅಂತ ಒಪ್ಪಿಕೊಂಡೆ.

ಎರಡು ವರ್ಷದ ಮೇಲೆ ಮೇಷ್ಟ್ರ ಮಗಳು ಪತ್ರ ಬರೆದರು. ಮೇಷ್ಟ್ರು ತೀರಿಕೊಂಡಿದ್ದರು. ಉಳಿದಿದ್ದ ಕಡತಗಳನ್ನ ಆಕೆ ಯುನಿಕೋಡಿಗೆ ತಿರುಗಿಸಿ ಪುಸ್ತಕ ಮಾಡಿಸ್ತಿದ್ದರು. ಕರಡು ತಿದ್ದೋವಾಗ ನೋಡಿದರೆ ಊರ ತುಂಬ ಅರ್ಕಾವತ್ತು. "ಅಪ್ಪ ಇದನ್ನ ನಿಮಗೆ ಹೇಳಿ ಸರಿ ಮಾಡಿಸಿದ್ದೆ ಅಂತಿದ್ರಲ್ಲ, ಮತ್ತೆ ಯಾಕೆ ಹೀಗೆ?" ಅಂತ ಕೇಳಿದ್ದರು. ನಾನೇನು ಉತ್ತರ ಕೊಡಲಿ ಹೇಳಿ? ಎರಡು ನಿಮಿಷ ಉಳಿಸೋಕೆ ಹೋಗಿ ನಿಮ್ಮಪ್ಪನ ಮಾತನ್ನ ಬಿಸಾಕಿದೆ ಅನ್ನಲಾ?

ಈಗ ಆ ಹುಡುಗ ಉದಾಹರಣೆ ಕೊಟ್ಟ ಜಿಗ್ ವಿಷಯಕ್ಕೆ ಬರೋಣ. ಅವರು ಹೋದದ್ದು ನಿಜ. ಆದರೆ ಹೇಗೆ ಹೋದರು ಅಂತ ನಮ್ಮ ಹುಡುಗ ನೋಡಿಲ್ಲ. ಹಳೇ ದೂರುಗಳನ್ನ ಗಿಟ್‌ಹಬ್ಬಿನಲ್ಲೇ ಓದೋಕೆ ಸಿಗೋ ಹಾಗೆ ಬಿಟ್ಟು, ಕೋಡ್‌ಬರ್ಗಿನಲ್ಲಿ ಹೊಸ ದೂರುಗಳ ನಂಬರನ್ನ 30000ದಿಂದ ಶುರು ಮಾಡಿದರು. ಯಾಕೆ? ಹಳೇ ನಂಬರು ಹೊಸ ನಂಬರಿನ ಜೊತೆ ತಿಕ್ಕಾಡಬಾರದು ಅಂತ. ಇದನ್ನ ಓದಿ ನನಗೆ ಹೊಟ್ಟೆ ಉರಿಯಿತು ಅಂದರೆ ಸುಳ್ಳಲ್ಲ. ಇಷ್ಟು ಸಣ್ಣ ಉಪಾಯ ನನಗೆ ಹೊಳೆದಿದ್ದರೆ!

ಪೈಥಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಕಡತ ಸೋರ್ಸ್‌ಫೋರ್ಜಿನ ಸಿವಿಎಸ್‌ನಲ್ಲಿತ್ತು. 2005ರಲ್ಲಿ ತಮ್ಮದೇ ಸಬ್‌ವರ್ಶನ್‌ಗೆ ಬಂತು, 2011ರಲ್ಲಿ ಮರ್ಕ್ಯೂರಿಯಲ್, 2017ರ ಫೆಬ್ರುವರಿಯಲ್ಲಿ ಗಿಟ್‌ಹಬ್. ದೂರುಗಳನ್ನ ಆಗಲೇ ತರಲಿಲ್ಲ, ಯೋಚನೆ ಮಾಡಿ ಐದು ವರ್ಷದ ಮೇಲೆ 2022ರ ಏಪ್ರಿಲಿನಲ್ಲಿ ತಂದರು. ಹಳೇ ನಂಬರಿಗೆ ಒಂದು ಪೂರ್ವಪ್ರತ್ಯಯ, ಹೊಸ ನಂಬರಿಗೆ ಇನ್ನೊಂದು. ಹಳೇ ತಾಣ ಬರೀ ಓದೋಕೆ ಉಳೀತು, ಅಲ್ಲಿಂದ ಹೊಸ ಜಾಗಕ್ಕೆ ಕೊಂಡಿ. ಇವತ್ತು ಪೈಥಾನಿನ ಕಡತ ತೆಗೆದರೆ 1990ರ ಆಗಸ್ಟಿನ ಸಾಲೂ ಸಿಗುತ್ತೆ. ನಾಲ್ಕು ಮನೆ ಬದಲಾದರೂ ಒಂದು ಚಮಚ ಕಳೆದಿಲ್ಲ ಕಣ್ರೀ. ಅದು ಎರಡು ನಿಮಿಷದ ಕೆಲಸ ಅಲ್ಲ!

"ಅವರಿಗೆ ನೂರಾರು ಜನ ಇದ್ದಾರೆ, ನಮಗೆ ಯಾರಿದ್ದಾರೆ" ಅಂತೀರಿ. ಅದೇ ನನ್ನ ವಾದ. ಪೈಥಾನಿನ ಒಂದು ದೂರು ಕಳೆದುಹೋದರೂ ಅದನ್ನ ನೆನಪಿಟ್ಟುಕೊಂಡಿರೋ ಹತ್ತು ಜನ ಸಿಗ್ತಾರೆ. ಕನ್ನಡದ ಒಂದು ಪುಟ್ಟ ತಂತ್ರಾಂಶದಲ್ಲಿ ಆ ವಿಷಯ ಗೊತ್ತಿರೋದು ಒಬ್ಬ ಮೇಷ್ಟ್ರಿಗೆ, ಒಬ್ಬ ಮೊಳೆ ಜೋಡಿಸಿದವರಿಗೆ. ಅವರು ಕೋಡ್ ಬರೆಯಲ್ಲ. ಅವರು ಕೊಟ್ಟದ್ದೆಲ್ಲ ಜಗುಲಿ ಮೇಲೇ ಇರುತ್ತೆ. ಜಗುಲಿ ಬಿಟ್ಟು ಬಂದವನು ಅವರ ಕೆಲಸವನ್ನ ಕೆಲಸವೇ ಅಲ್ಲ ಅಂದ ಹಾಗೆ. ಕೋಡ್ ಮತ್ತೆ ಬರೀಬಹುದು ರೀ. ನಾನು ಬರೆದ ಹದಿನೈದು ಸಾಲು ಅರ್ಧ ಗಂಟೆಯ ಕೆಲಸ.

ಇನ್ನೊಂದು ಬಗೆಯ ಜನ ಇದ್ದಾರೆ. "ಗಿಟ್ ಅಂದರೇ ಎಲ್ಲರ ಹತ್ತಿರ ಪೂರ್ತಿ ಪ್ರತಿ ಇರೋದು, ಎಲ್ಲಿದ್ದರೇನು?" ಅಂತ ತತ್ವ ಹೇಳೋರು. ಇವರಿಗೆ ಸ್ವಲ್ಪ ಚರಿತ್ರೆ ನೆನಪಿಸಬೇಕು. ಗಿಟ್ ಹುಟ್ಟಿದ್ದೇ ಮನೆ ಖಾಲಿ ಮಾಡಿಸಿದ್ದರಿಂದ. ಲಿನಕ್ಸ್ ಕರ್ನೆಲ್ಲಿನವರು 2002ರಿಂದ ಬಿಟ್‌ಕೀಪರ್ ಅನ್ನೋ ಖಾಸಗಿ ತಂತ್ರಾಂಶವನ್ನ ಪುಕ್ಕಟೆ ಪರವಾನಗಿಯಲ್ಲಿ ಬಳಸ್ತಿದ್ದರು. 2005ರಲ್ಲಿ ಜಗಳವಾಗಿ ಆ ಪುಕ್ಕಟೆ ಪರವಾನಗಿ ಹೋಯ್ತು, ಆ ಏಪ್ರಿಲಿನಲ್ಲೇ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯೋಕೆ ಕೂತರು. ಯಾರ ಹಂಗೂ ಬೇಡ ಅಂತ ಕಟ್ಟಿದ ತಂತ್ರಾಂಶವನ್ನ ನಾವೆಲ್ಲ ಸೇರಿ ತಂದು ಒಂದೇ ಮಾಲೀಕನ ಮನೇಲಿ ಇಟ್ಟಿದ್ದೀವಿ. ಕಡತದ ಪ್ರತಿ ಎಲ್ಲರ ಹತ್ತಿರ ಇದೆ, ಒಪ್ಪಿದೆ. ದೂರುಗಳ ಪ್ರತಿ ಯಾರ ಹತ್ತಿರ ಇದೆ? ಬಿಡುಗಡೆಗೆ ಲಗತ್ತಿಸಿದ ಕಡತಗಳು? ಎಲ್ಎಫ್ಎಸ್‌ನಲ್ಲಿಟ್ಟ ದೊಡ್ಡ ಕಡತಗಳೂ ಮಿರರ್ ಪುಶ್ಶಿನ ಜೊತೆ ತಾನಾಗೇ ಬರಲ್ಲ. ಇವರಲ್ಲಿ ಎಷ್ಟು ಜನ ಇದನ್ನೆಲ್ಲ ಇಳಿಸಿಟ್ಟುಕೊಂಡಿದ್ದಾರೆ ಅಂತ ಕೇಳಿ ನೋಡಿ, ಮಾತು ಬದಲಾಯಿಸ್ತಾರೆ.

ದೂರುಗಳನ್ನ ಕಡತದ ಒಳಗೇ ಇಡಬಹುದು ಅನ್ನೋದೇನು ಹೊಸ ಸಂಶೋಧನೆ ಅಲ್ಲ. ಎಸ್‌ಕ್ಯೂಲೈಟ್ ಬರೆದ ರಿಚರ್ಡ್ ಹಿಪ್ ಫಾಸಿಲ್ ಅಂತ ಒಂದು ಮಾಡಿದ್ದಾರೆ. ಅದರಲ್ಲಿ ಕೋಡ್, ದೂರು, ವಿಕಿ ಎಲ್ಲಾ ಒಂದೇ ಕಡತದಲ್ಲಿ, ಪ್ರತಿ ತೆಗೆದರೆ ಎಲ್ಲವೂ ಬರುತ್ತೆ. ಎಸ್‌ಕ್ಯೂಲೈಟ್ 2009ರಿಂದ ಅದರಲ್ಲೇ ಇದೆ. ನಾವು ಯಾರೂ ಆ ಕಡೆ ತಿರುಗಿಯೂ ನೋಡಲಿಲ್ಲ. ಜಾತ್ರೆ ಎಲ್ಲಿತ್ತೋ ಅಲ್ಲಿಗೆ ಹೋದೆವು.

ಹಾಗಂತ ಮನೆ ಬದಲಾಯಿಸಲೇ ಬೇಡಿ ಅಂತ ನಾನು ಹೇಳ್ತಿಲ್ಲ. ತಪ್ಪು ತಿಳೀಬೇಡಿ. ಬದಲಾಯಿಸೋಕೆ ಕಾರಣಗಳು ಬೇಕಾದಷ್ಟಿವೆ. 2018ರ ಜೂನಿನಲ್ಲಿ ಗಿಟ್‌ಹಬ್ಬನ್ನ 750 ಕೋಟಿ ಡಾಲರಿಗೆ ಕೊಳ್ತೀವಿ ಅಂತ ಮೈಕ್ರೋಸಾಫ್ಟ್ ಘೋಷಿಸಿತು. 2019ರಲ್ಲಿ ಅಮೆರಿಕದ ದಿಗ್ಬಂಧನದ ಕಾರಣಕ್ಕೆ ಇರಾನ್, ಸಿರಿಯಾ, ಕ್ರಿಮಿಯಾದಲ್ಲಿರೋ ಡೆವಲಪರುಗಳ ಖಾತೆಗಳಿಗೆ ನಿರ್ಬಂಧ ಬಿತ್ತು. ಅವರು ಮಾಡಿದ ತಪ್ಪು ಅಲ್ಲಿ ಹುಟ್ಟಿದ್ದು! 2020ರ ಅಕ್ಟೋಬರಿನಲ್ಲಿ ಸಂಗೀತ ಕಂಪನಿಗಳ ಸಂಘದ ಒಂದು ನೋಟಿಸಿಗೆ ಯೂಟ್ಯೂಬ್-ಡಿಎಲ್ ಪ್ರಾಜೆಕ್ಟು ಮಾಯವಾಗಿ, ನವೆಂಬರಿನಲ್ಲಿ ವಾಪಸು ಬಂತು. ನಮ್ಮ ದೇಶದಲ್ಲೇ 2014ರ ಡಿಸೆಂಬರಿನಲ್ಲಿ ಸರ್ಕಾರ 32 ತಾಣಗಳನ್ನ ತಡೆಯಿರಿ ಅಂತ ಆದೇಶ ಹೊರಡಿಸಿದಾಗ ಆ ಪಟ್ಟಿಯಲ್ಲಿ ಗಿಟ್‌ಹಬ್ಬೂ ಇತ್ತು, ಇಂಟರ್ನೆಟ್ ಆರ್ಕೈವೂ ಇತ್ತು. 2022ರಲ್ಲಿ ಕೋಪೈಲಟ್ ಮಾರಾಟಕ್ಕೆ ಬಂದಾಗ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿಯವರು ಎಲ್ಲರೂ ಅಲ್ಲಿಂದ ಹೊರಡಿ ಅಂತ ಕರೆ ಕೊಟ್ಟರು. ಅವರ ವಾದದಲ್ಲಿ ಹುರುಳಿದೆ ಅಂತಲೇ ನನ್ನ ಅನಿಸಿಕೆ.

ಆದರೆ ಹೊಸ ಮನೆ ಶಾಶ್ವತ ಅಂತ ಮಾತ್ರ ನನ್ನ ಹತ್ತಿರ ಹೇಳಬೇಡಿ. ಗೂಗಲ್ ಕೋಡ್ 2006ರಲ್ಲಿ ಶುರುವಾದಾಗ ಗೂಗಲ್ ಮುಚ್ಚುತ್ತಾ ಅಂತ ನಗ್ತಿದ್ವಿ. 2015ರ ಮಾರ್ಚಿನಲ್ಲಿ ಹೇಳಿದರು, 2016ರ ಜನವರಿಯಲ್ಲಿ ಮುಚ್ಚಿದರು. (ಹಳೇದನ್ನ ಓದೋಕಾದರೂ ಉಳಿಸಿದ್ದಾರೆ, ಅಷ್ಟು ಪುಣ್ಯ.) ಗಿಟೋರಿಯಸ್ ಪೂರ್ತಿ ಸ್ವತಂತ್ರ ತಂತ್ರಾಂಶ ಅಂತ ಎದೆ ತಟ್ಟಿಕೊಂಡು ಅಲ್ಲಿಗೆ ಹೋದವರಿದ್ದರು. 2015ರಲ್ಲಿ ಗಿಟ್‌ಲ್ಯಾಬಿನವರು ಕೊಂಡು ಬಾಗಿಲು ಹಾಕಿದರು. ಮೈಕ್ರೋಸಾಫ್ಟಿನವರದೇ ಕೋಡ್‌ಪ್ಲೆಕ್ಸ್ 2017ರ ಡಿಸೆಂಬರಿನಲ್ಲಿ ಹೋಯ್ತು. ಬಿಟ್‌ಬಕೆಟ್ ಅಂತೂ 2008ರಲ್ಲಿ ಹುಟ್ಟಿದ್ದೇ ಮರ್ಕ್ಯೂರಿಯಲ್‌ಗೋಸ್ಕರ, ಅದೇ ಬಿಟ್‌ಬಕೆಟ್ 2020ರ ಜುಲೈನಲ್ಲಿ ಮರ್ಕ್ಯೂರಿಯಲ್ ಕಡತಗಳಿಗೆ ಬಾಗಿಲು ಹಾಕಿತು. ಸಾಫ್ಟ್‌ವೇರ್ ಹೆರಿಟೇಜಿನವರು ಮುಂಚಿತವಾಗಿ ಓಡಿಹೋಗಿ ಎರಡು ಲಕ್ಷಕ್ಕೂ ಹೆಚ್ಚು ಕಡತಗಳನ್ನ ಎತ್ತಿಟ್ಟುಕೊಳ್ಳದೇ ಇದ್ದಿದ್ದರೆ ಎಷ್ಟೋ ಜನರ ಕೆಲಸ ಗಂಗಾಪಾಲು.

ಇವೆಲ್ಲಕ್ಕಿಂತ ನನಗೆ ಬೆವರು ಬಿಡಿಸಿದ್ದು ಗಿಂಪ್ ಕಥೆ. ಸೋರ್ಸ್‌ಫೋರ್ಜ್‌ನ ಜಾಹೀರಾತು ಕಾಟ ತಾಳಲಾರದೆ ಗಿಂಪ್‌ನವರು 2013ರಲ್ಲಿ ವಿಂಡೋಸ್ ಆವೃತ್ತಿಯನ್ನ ಅಲ್ಲಿಂದ ತೆಗೆದರು. ಆದರೆ ಅಲ್ಲಿನ ಪುಟ ಹಾಗೇ ಇತ್ತು. 2015ರಲ್ಲಿ ನೋಡಿದರೆ ಸೋರ್ಸ್‌ಫೋರ್ಜ್ ಆ ಪುಟವನ್ನ ತಾನೇ ವಹಿಸಿಕೊಂಡು, ಬೇಡದ ಜಾಹೀರಾತು ತಂತ್ರಾಂಶ ಸುತ್ತಿದ ಇನ್‌ಸ್ಟಾಲರನ್ನ ಗಿಂಪ್ ಹೆಸರಲ್ಲೇ ಹಂಚ್ತಾ ಇತ್ತು! 2016ರಲ್ಲಿ ಹೊಸ ಮಾಲೀಕರು ಬಂದು ಆ ಚಾಳಿ ನಿಲ್ಲಿಸಿದರು ಅನ್ನೋದು ಬೇರೆ ಮಾತು. ಖಾಲಿ ಮಾಡಿದ ಮನೆಯ ಬಾಗಿಲಲ್ಲಿ ನಮ್ಮ ಹೆಸರಿನ ಬೋರ್ಡು ಹಾಗೇ ಇದ್ದರೆ ಒಳಗೆ ಯಾರು ಬೇಕಾದರೂ ಅಂಗಡಿ ಇಡಬಹುದು.

ಬ್ಲಾಗಿಗರಿಗೆ ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ನೀವು ಇದೇ ನೋವನ್ನ ಬೇರೆ ರೂಪದಲ್ಲಿ ಉಂಡೋರು. ಜಿಯೋಸಿಟೀಸ್ 2009ರಲ್ಲಿ ಹೋಯ್ತು, ಯಾಹೂ 360 ಅದೇ ವರ್ಷ, ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ. ಬ್ಲಾಗ್‌ಸ್ಪಾಟಿನ ಭಾರತದ ವಿಳಾಸವನ್ನ ಗೂಗಲ್ 2020ರಲ್ಲಿ ಕಳಕೊಂಡಾಗ ಆ ವಿಳಾಸದಲ್ಲಿ ಹಂಚಿದ್ದ ಕೊಂಡಿಗಳೆಲ್ಲ ಸತ್ತವು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಬ್ಲಾಗ್ ಸಾಗಿಸಿದವರಲ್ಲಿ ಎಷ್ಟು ಜನ ಬರಹ ಮಾತ್ರ ನಕಲು ಮಾಡಿ, ಕಮೆಂಟುಗಳನ್ನ ಬಿಟ್ಟು ಬಂದಿಲ್ಲ? ಆ ಕಮೆಂಟುಗಳಲ್ಲಿ ಬರಹಕ್ಕಿಂತ ಚೆನ್ನಾಗಿ ಬರೆದವರಿದ್ದರು. ಈಗ ಬ್ಲಾಗೇ ಬಿಟ್ಟುಹೋಗಿರೋ ಎಷ್ಟೋ ಗೆಳೆಯರ ದನಿ ಉಳಿದದ್ದೇ ಅಲ್ಲಿ.

ಆ ಹುಡುಗನಿಗೆ ಉತ್ತರ ಬರೆದಿದ್ದೀನಿ. ಕೋಡ್‌ಬರ್ಗ್‌ಗೆ ಬರ್ತೀನಿ ಮಾರಾಯ, ಜರ್ಮನಿಯ ಒಂದು ಸಂಘ ನಡೆಸೋದು, ಲಾಭದ ಕಂಪನಿ ಅಲ್ಲ, ನನಗೂ ಇಷ್ಟ. ಆದರೆ ಎರಡು ನಿಮಿಷದಲ್ಲಲ್ಲ, ಎರಡು ತಿಂಗಳಲ್ಲಿ. ಅಲ್ಲಿ ಮೈಗ್ರೇಶನ್ ಸೌಲಭ್ಯ ಇದೆ, ಕಡತದ ಜೊತೆ ದೂರುಗಳನ್ನೂ ಉತ್ತರಗಳನ್ನೂ ಎಳೆದು ತರುತ್ತೆ. ತಂದಮೇಲೆ ಒಂದೊಂದಾಗಿ ಕೂತು ನೋಡ್ತೀನಿ, ನಂಬರು ಸರಿ ಇದೆಯಾ, ಬರೆದವರ ಹೆಸರು ಉಳಿದಿದೆಯಾ ಅಂತ. ಹಳೇ ಜಾಗದಲ್ಲಿ "ಇಲ್ಲಿಗೆ ಹೋಗಿದ್ದೀವಿ" ಅಂತ ಚೀಟಿ ಅಂಟಿಸಿ, ಪುಟವನ್ನ ಅಳಿಸದೇ ಬೀಗ ಹಾಕ್ತೀನಿ. "17 ಸರಿಪಡಿಸಿದೆ" ಥರದ ಟಿಪ್ಪಣಿ ಕಳಿಸಿದ ಪ್ಯಾಚನ್ನ ಇನ್ನು ಮುಂದೆ ಒಪ್ಪಲ್ಲ, ಯಾಕೆ ಸರಿಪಡಿಸಿದ್ದು ಅಂತ ಅಲ್ಲೇ ನಾಲ್ಕು ಸಾಲು ಬರೀಬೇಕು. ಹುಡುಗನಿಗೆ ಸ್ವಲ್ಪ ಬೇಜಾರಾಗಿದೆ ಅನ್ಸುತ್ತೆ, ಇನ್ನೂ ಉತ್ತರ ಬಂದಿಲ್ಲ :-)

ಆ ಹದಿನೈದು ಸಾಲು ಈಗ ಮತ್ತೆ ಕೋಡಿನೊಳಗೆ ಬಂದಿವೆ. ಮೇಷ್ಟ್ರ ಪುಸ್ತಕವೂ ಸರಿಯಾಗಿ ಅಚ್ಚಾಯ್ತು. ಜಗುಲಿಯ ಮಾತನ್ನ ಮಾತ್ರ ಹುಡುಕ್ತಾ ಇದ್ದೀನಿ. ಆಗ ಪ್ರತಿ ಉತ್ತರವೂ ಮಿಂಚಂಚೆಯಾಗಿ ಬರ್ತಿತ್ತು. ನನ್ನ ಹಳೇ ಅಂಚೆಪೆಟ್ಟಿಗೆಯಲ್ಲಿ 23ರಲ್ಲಿ 9 ಸಿಕ್ಕಿವೆ. ಮೇಷ್ಟ್ರು ಬರೆದ ಮೊದಲನೆಯದೂ, ಮೊಳೆ ಜೋಡಿಸೋ ಕಥೆಯೂ ಸಿಕ್ಕಿಲ್ಲ. ಆ ದಿನಗಳಲ್ಲಿ ನಿಮ್ಮಲ್ಲಿ ಕೆಲವರು ಆ ಪ್ರಾಜೆಕ್ಟಿಗೆ ಚಂದಾದಾರರಾಗಿದ್ದಿರಿ. ದಯವಿಟ್ಟು ನಿಮ್ಮ ಹಳೇ ಇನ್‌ಬಾಕ್ಸುಗಳಲ್ಲಿ "ಅರ್ಕಾವತ್ತು" ಅಂತ ಒಂದು ಸಲ ಹುಡುಕಿ ನೋಡಿ. ಸಿಕ್ಕಿದರೆ ಕೆಳಗೆ ಕಮೆಂಟಿಸಿ, ನಾನೇ ಸಂಪರ್ಕಿಸ್ತೀನಿ. ಅರ್ಧಂಬರ್ಧ ಇದ್ದರೂ ಪರವಾಗಿಲ್ಲ.